ಕ್ಲೌಡ್ ವಿಎಂನಲ್ಲಿ ವಿಪಿಎನ್ ಚಾಲೂ ಆದಾಗಲೆಲ್ಲ ಡಿಎನ್‌ಎಸ್ ಕೈಕೊಡುತ್ತಿದೆ: ಸ್ಥಿರವಾದ ವ್ಯವಸ್ಥೆ ಹೇಗೆ?

ಪ್ರಶ್ನೆ: ಕಾವೇರಿತೀರ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಖರೀದಿ ಡಿಪೋಗಳು ಸೋಮವಾರಪೇಟೆ, ಗೋಣಿಕೊಪ್ಪ ಮತ್ತು ವಿರಾಜಪೇಟೆಗಳಲ್ಲಿವೆ. ಬೆಳೆಗಾರರು ತರುವ ಚೆರಿ ಮತ್ತು ಪಾರ್ಚ್‌ಮೆಂಟ್ ಕಾಫಿಯ ತೂಕ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ) ಮತ್ತು ತೇವಾಂಶದ ಲೆಕ್ಕವೆಲ್ಲ ಮುಂಬೈ ವಲಯದಲ್ಲಿರುವ ಒಂದು ವರ್ಚುವಲ್ ಮೆಷಿನ್‌ಗೆ (ವಿಎಂ, ಅಂದರೆ ಕ್ಲೌಡ್ ಕಂಪನಿಯಿಂದ ಬಾಡಿಗೆಗೆ ಪಡೆದ ಕಂಪ್ಯೂಟರ್‌ಗೆ) ಹೋಗುತ್ತದೆ. ಅದರ ಮೇಲೆ ಉಬುಂಟು 22.04 ಮತ್ತು ಜಾವಾದಲ್ಲಿ ಬರೆದ ಬಿಲ್ಲಿಂಗ್ ತಂತ್ರಾಂಶ ಇವೆ. ಡೇಟಾಬೇಸ್ ಮಾತ್ರ ಕ್ಲೌಡ್ ಕಂಪನಿಯೇ ನಡೆಸುವ ಪ್ರತ್ಯೇಕ ಸೇವೆಯಾಗಿದ್ದು, ಆ ಖಾಸಗಿ ಜಾಲದೊಳಗೆ ಮಾತ್ರ ಸಿಗುವ ಒಂದು ಹೆಸರಿನಿಂದ ಅದನ್ನು ತಲುಪಬೇಕು.

ಈ ವಿಎಂ ಎರಡು ವಿಪಿಎನ್‌ಗಳಿಗೆ (ಅಂತರ್ಜಾಲದ ಮೇಲೆ ಗೂಢಲಿಪಿಯಲ್ಲಿ ಕಟ್ಟಿದ ಖಾಸಗಿ ಸಂಪರ್ಕಗಳಿಗೆ) ಸೇರಿಕೊಂಡಿದೆ. ಡಿಪೋಗಳಿಗೂ ಕುಶಾಲನಗರದ ಕಚೇರಿಗೂ ವೈರ್‌ಗಾರ್ಡ್ ಇದೆ. ಕಚೇರಿಯ ಒಳಗಿನ ಹೆಸರುಗಳಿಗೆ 10.20.0.2 ವಿಳಾಸದ ಒಂದು ಚಿಕ್ಕ ಡಿಎನ್‌ಎಸ್ ಸರ್ವರ್ (ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವ ಸರ್ವರ್) ಉತ್ತರಿಸುತ್ತದೆ. ಮಂಗಳೂರಿನ ಒಬ್ಬ ರಫ್ತುದಾರರ ಸರಕು ವ್ಯವಸ್ಥೆಯನ್ನು ತಲುಪಲು ಓಪನ್‌ವಿಪಿಎನ್ ಇದೆ. ಅದು ಚಾಲೂ ಆಗುವಾಗ ತನ್ನದೇ ಡಿಎನ್‌ಎಸ್ ವಿಳಾಸವನ್ನು ನಮ್ಮ ವಿಎಂ ಮೇಲೆ ಹೇರುತ್ತದೆ. ಡಿಪೋಗಳ ರೂಟರ್‌ಗಳಿಗೆ ಸ್ಥಿರ ಐಪಿ ಇಲ್ಲದ ಕಾರಣ, ವಿಎಂನ ವೈರ್‌ಗಾರ್ಡ್ ಫೈಲ್‌ನಲ್ಲಿ ಎಂಡ್‌ಪಾಯಿಂಟ್ (ಆಚೆ ತುದಿಯ ವಿಳಾಸ) ಎಂದು ಡೈನಮಿಕ್ ಡಿಎನ್‌ಎಸ್ ಹೆಸರುಗಳನ್ನು (ಐಪಿ ಬದಲಾದಂತೆ ಹೊಸದನ್ನು ತೋರಿಸುವ ಹೆಸರುಗಳನ್ನು) ಬರೆದಿದ್ದೇವೆ.

ಆಗುತ್ತಿರುವ ತೊಂದರೆಗಳು ಇವು. ಓಪನ್‌ವಿಪಿಎನ್ ಚಾಲೂ ಆದ ಕೂಡಲೇ ಡೇಟಾಬೇಸ್‌ನ ಹೆಸರು ಸಿಗುವುದಿಲ್ಲ. ಅದು ಸಿಗುವ ಹೊತ್ತಿನಲ್ಲಿಯೂ ಕೆಲವೊಮ್ಮೆ ಪ್ರತಿಯೊಂದು ಹೆಸರಿಗೂ ಸರಿಯಾಗಿ ಐದು ಸೆಕೆಂಡ್ ತಡವಾಗುತ್ತದೆ. ಗೋಣಿಕೊಪ್ಪದಲ್ಲಿ ತೂಕದ ಚೀಟಿ ಮುದ್ರಕದಿಂದ ಹೊರಬರುವಷ್ಟರಲ್ಲಿ ಹಿಂದಿನ ಜೀಪಿನವರು ಹಾರ್ನ್ ಹಾಕಲು ಶುರು ಮಾಡಿರುತ್ತಾರೆ. ವಿಎಂ ರೀಬೂಟ್ ಆದಾಗ ವೈರ್‌ಗಾರ್ಡ್ ಒಮ್ಮೊಮ್ಮೆ ಏಳುವುದೇ ಇಲ್ಲ, ಲಾಗ್‌ನಲ್ಲಿ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಶನ್’ ಎಂದಿರುತ್ತದೆ. ಕೊನೆಯದಾಗಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಡಿಪೋದ ರೂಟರ್‌ಗೆ ಹೊಸ ಐಪಿ ಸಿಕ್ಕರೆ, ವಿಎಂ ಹಳೆಯ ವಿಳಾಸಕ್ಕೇ ಪ್ಯಾಕೆಟ್ ಕಳುಹಿಸುತ್ತ ಕೂರುತ್ತದೆ.

ಹಿಂದೆ ಇದನ್ನು ನೋಡಿಕೊಳ್ಳುತ್ತಿದ್ದವರು ಯಾವ ಡಿಎನ್‌ಎಸ್ ಸರ್ವರ್ ಅನ್ನು ಕೇಳಬೇಕೆಂದು ಹೇಳುವ ರಿಸಾಲ್ವ್ ಕಾನ್ಫ್ ಫೈಲ್‌ನ ಸಿಮ್‌ಲಿಂಕ್ (ಬೇರೊಂದು ಫೈಲ್‌ಗೆ ಕೊಡುವ ಕೊಂಡಿ) ಅಳಿಸಿ, ಅಲ್ಲಿ 8.8.8.8 ಮತ್ತು 1.1.1.1 ಎಂಬ ಸಾರ್ವಜನಿಕ ಡಿಎನ್‌ಎಸ್ ವಿಳಾಸಗಳನ್ನು ಬರೆದು, ಯಾರೂ ತಿದ್ದಲಾಗದಂತೆ ಚಾಟರ್ ಆದೇಶದಿಂದ ಬೀಗ ಹಾಕಿಟ್ಟಿದ್ದರು. ಆ ಬೀಗ ತೆಗೆದರೆ ಒಂದು ತೊಂದರೆ, ಇಟ್ಟರೆ ಇನ್ನೊಂದು. ರೋಬಸ್ಟಾ ಕೊಯ್ಲು ಜೋರಾಗುವ ಮೊದಲು ಇದನ್ನು ಒಂದು ದಡ ಸೇರಿಸಬೇಕು. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ: ಪೊನ್ನಂಪೇಟೆಹುಡುಗ

ಸಾರ್, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಬೇಕಾದ ಏಳೆಂಟು ಹೆಸರುಗಳನ್ನು ಹೋಸ್ಟ್ಸ್ ಫೈಲ್‌ನಲ್ಲಿ ಐಪಿ ಸಮೇತ ಬರೆದುಬಿಡಿ. ಲಿನಕ್ಸ್ ಮೊದಲು ಆ ಫೈಲನ್ನೇ ನೋಡುವುದರಿಂದ ಡಿಎನ್‌ಎಸ್‌ನ ಗೊಡವೆಯೇ ಇರುವುದಿಲ್ಲ. ನಮ್ಮ ಹೋಮ್‌ಸ್ಟೇ ಬುಕಿಂಗ್ ಸರ್ವರ್‌ನಲ್ಲಿ ಹಾಗೆಯೇ ನಡೆಯುತ್ತಿದೆ.

ಉತ್ತರ: ಬೆಟ್ಟದಸರ್ವರ್, ಮಡಿಕೇರಿ

ಹೋಸ್ಟ್ಸ್ ಫೈಲ್‌ನ ಸಲಹೆ ವಿಳಾಸ ಬದಲಾಗದ ಯಂತ್ರಗಳಿಗೆ ಸರಿಹೋಗುತ್ತದೆ, ಆದರೆ ಪ್ರಶ್ನೆ ಕೇಳಿದವರ ಡೇಟಾಬೇಸ್‌ಗೆ ಅದು ಅಪಾಯಕಾರಿ. ಕ್ಲೌಡ್ ಕಂಪನಿ ನಡೆಸುವ ಡೇಟಾಬೇಸ್ ಸೇವೆಗಳಲ್ಲಿ ಮುಖ್ಯ ಯಂತ್ರ ಕೆಟ್ಟಾಗ ಅದೇ ಹೆಸರನ್ನು ಇನ್ನೊಂದು ಯಂತ್ರದ ಐಪಿಗೆ ತಿರುಗಿಸುವುದು ಸಾಮಾನ್ಯ ಪದ್ಧತಿ. ಐಪಿಯನ್ನು ಕೈಯಿಂದ ಬರೆದಿಟ್ಟವರಿಗೆ ಆ ಬದಲಿ ವ್ಯವಸ್ಥೆಯ ಪ್ರಯೋಜನ ಸಿಗುವುದಿಲ್ಲ, ಸಿಗದಿರುವುದು ಗೊತ್ತಾಗುವುದೂ ಅತ್ಯಂತ ಕೆಟ್ಟ ಗಳಿಗೆಯಲ್ಲಿ.

ಕಾವೇರಿತೀರ ಅವರೇ, ನಿಮ್ಮ ಎಲ್ಲ ತೊಂದರೆಗಳ ಹಿಂದೆ ಒಂದೇ ಗೊಂದಲ ಇದೆ ಎಂದು ನನಗೆ ಅನಿಸುತ್ತದೆ. ವಿಎಂ ಕೇಳುವ ಹೆಸರುಗಳಲ್ಲಿ ಎರಡು ಜಾತಿ ಇವೆ. ಟನಲ್ (ವಿಪಿಎನ್‌ನ ಸಂಪರ್ಕ) ಕಟ್ಟುವುದಕ್ಕೆ ಬೇಕಾದ ಹೊರಗಿನ ಹೆಸರುಗಳು ಒಂದು ಜಾತಿ, ಟನಲ್ ಕಟ್ಟಿದ ಮೇಲೆ ಅದರ ಆಚೆ ಬದಿಯವರು ಮಾತ್ರ ಬಲ್ಲ ಒಳಗಿನ ಹೆಸರುಗಳು ಇನ್ನೊಂದು ಜಾತಿ. ಮೊದಲನೆಯದು ಯಾವ ಕಾರಣಕ್ಕೂ ಟನಲ್ ಅನ್ನು ಅವಲಂಬಿಸಬಾರದು. ಅವಲಂಬಿಸಿದರೆ ಮನೆಯೊಳಗೆ ಬಿಟ್ಟ ಬೀಗದ ಕೈಯಿಂದ ಹೊರಬಾಗಿಲು ತೆರೆಯಲು ನಿಂತಂತಾಗುತ್ತದೆ. ಟನಲ್ ಬಿದ್ದರೆ ಡಿಎನ್‌ಎಸ್ ಇಲ್ಲ, ಡಿಎನ್‌ಎಸ್ ಇಲ್ಲದೆ ಟನಲ್ ಏಳುವುದಿಲ್ಲ.

ಮೊದಲು ಆ ಬೀಗ ಹಾಕಿದ ಫೈಲನ್ನು ತೆಗೆದು, ಉಬುಂಟು ಮೂಲದಲ್ಲಿ ಕೊಡುವ ಸಿಮ್‌ಲಿಂಕ್ ಅನ್ನೇ ಮರಳಿ ಹಾಕಿ. ಆಗ ತಂತ್ರಾಂಶಗಳೆಲ್ಲ 127.0.0.53 ವಿಳಾಸದಲ್ಲಿ ಕುಳಿತ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಸೇವೆಯನ್ನು ಕೇಳುತ್ತವೆ, ಯಾವ ಹೆಸರನ್ನು ಯಾವ ಸರ್ವರ್‌ಗೆ ಕಳುಹಿಸಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಆ ಫೈಲ್‌ಗೆ ಒಬ್ಬನೇ ಯಜಮಾನ ಇರಬೇಕು. ಓಪನ್‌ವಿಪಿಎನ್‌ನ ಸ್ಕ್ರಿಪ್ಟ್ ಒಮ್ಮೆ, ಡಿಎಚ್‌ಸಿಪಿ (ಜಾಲದಿಂದ ಐಪಿ ಪಡೆಯುವ ಸೇವೆ) ಒಮ್ಮೆ, ಮನುಷ್ಯರು ಒಮ್ಮೆ ಬರೆಯುವ ಫೈಲ್‌ನಿಂದ ಯಾವ ನಿಯಮವೂ ನಿಲ್ಲುವುದಿಲ್ಲ.

ಕ್ಲೌಡ್‌ನ ಸ್ವಂತ ಡಿಎನ್‌ಎಸ್ ಅನ್ನು ಬಿಟ್ಟು 8.8.8.8 ಬಳಸಿದ್ದರಿಂದಲೇ ಖಾಸಗಿ ಹೆಸರುಗಳು ಹೋದವು. ಅಮೆಜಾನ್‌ನಲ್ಲಿ ನಿಮ್ಮ ಖಾಸಗಿ ಜಾಲದ ಮೊದಲ ವಿಳಾಸಕ್ಕೆ ಎರಡು ಕೂಡಿಸಿದರೆ ಸಿಗುವ ವಿಳಾಸ ಅಥವಾ 169.254.169.253, ಅಜೂರ್‌ನಲ್ಲಿ 168.63.129.16, ಗೂಗಲ್ ಕ್ಲೌಡ್‌ನಲ್ಲಿ 169.254.169.254: ಖಾಸಗಿ ವಲಯದ ಹೆಸರುಗಳನ್ನು ಬಲ್ಲವು ಇವು ಮಾತ್ರ. ಸಾರ್ವಜನಿಕ ಡಿಎನ್‌ಎಸ್ ಅನ್ನು ‘ಇರಲಿ’ ಎಂದು ಎರಡನೆಯ ಸಾಲಿನಲ್ಲಿ ಬರೆಯುವುದರಿಂದಲೂ ಉಪಯೋಗವಿಲ್ಲ. ಜಿಲಿಬ್‌ಸಿ (ಲಿನಕ್ಸ್ ತಂತ್ರಾಂಶಗಳ ಪರವಾಗಿ ಹೆಸರು ಹುಡುಕುವ ಮೂಲ ಲೈಬ್ರರಿ) ಎರಡನೆಯ ಸರ್ವರ್‌ಗೆ ಹೋಗುವುದು ಮೊದಲನೆಯದು ಉತ್ತರವನ್ನೇ ಕೊಡದಿದ್ದಾಗ ಅಥವಾ ತನ್ನಿಂದಾಗದೆಂದು ದೋಷ ಹೇಳಿದಾಗ. ‘ಅಂಥ ಹೆಸರಿಲ್ಲ’ ಎಂಬುದೂ ಒಂದು ಉತ್ತರವೇ, ಅಲ್ಲಿಗೆ ಹುಡುಕಾಟ ಮುಗಿಯುತ್ತದೆ. ನಿಮ್ಮ ಐದು ಸೆಕೆಂಡ್‌ನ ಗುಟ್ಟೂ ಇಲ್ಲಿಯೇ ಇದೆ, ಏಕೆಂದರೆ ಜಿಲಿಬ್‌ಸಿ ಒಂದು ಸರ್ವರ್‌ಗಾಗಿ ಕಾಯುವ ಮೂಲ ಅವಧಿ 5 ಸೆಕೆಂಡ್. ಅಂದರೆ ಪಟ್ಟಿಯ ಮೊದಲ ಸರ್ವರ್ ಆ ಹೊತ್ತಿನಲ್ಲಿ ಸತ್ತಿರುತ್ತದೆ. ಇನ್ನೊಂದು ಮಾತು, ಆ ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಸರ್ವರ್‌ಗಳಿದ್ದರೆ ನಾಲ್ಕನೆಯದನ್ನು ಜಿಲಿಬ್‌ಸಿ ಓದುವುದೇ ಇಲ್ಲ. ಎರಡು ವಿಪಿಎನ್‌ಗಳು ಮೇಲಿನಿಂದ ಸಾಲು ಸೇರಿಸುತ್ತ ಹೋದರೆ ಕ್ಲೌಡ್‌ನ ಸರ್ವರ್ ಸದ್ದಿಲ್ಲದೆ ಪಟ್ಟಿಯಿಂದ ಆಚೆ ಬೀಳುತ್ತದೆ.

ಇನ್ನು ವಿಂಗಡಣೆಯ ಕೆಲಸ. ವೈರ್‌ಗಾರ್ಡ್ ಫೈಲ್‌ನಲ್ಲಿ ‘ಡಿಎನ್‌ಎಸ್’ ಎಂಬ ಸಾಲು ಇದ್ದರೆ ತೆಗೆಯಿರಿ. ಲ್ಯಾಪ್‌ಟಾಪ್‌ಗೆ ಅದು ಸರಿ, ಸರ್ವರ್‌ಗೆ ಅಲ್ಲ, ಏಕೆಂದರೆ ಡಬ್ಲ್ಯುಜಿ-ಕ್ವಿಕ್ (ವೈರ್‌ಗಾರ್ಡ್ ಎಬ್ಬಿಸುವ ಆದೇಶ) ಆ ಸಾಲನ್ನು ಕಂಡರೆ ಎಲ್ಲ ಹೆಸರುಗಳನ್ನೂ ಟನಲ್ ಕಡೆಗೆ ತಿರುಗಿಸುತ್ತದೆ. ಅದರ ಬದಲು ಪೋಸ್ಟ್‌ಅಪ್ ಸಾಲಿನಲ್ಲಿ ರಿಸಾಲ್ವ್‌ಸಿಟಿಎಲ್ ಬಳಸಿ, ಆ ಇಂಟರ್‌ಫೇಸ್‌ಗೆ 10.20.0.2 ಅನ್ನು ಡಿಎನ್‌ಎಸ್ ಆಗಿ ಕೊಟ್ಟು, ಕಚೇರಿಯ ಡೊಮೈನ್ ಅನ್ನು ಮುಂದೆ ಟಿಲ್ಡೆ ಚಿಹ್ನೆ ಹಾಕಿ ಬರೆಯಿರಿ. ಟಿಲ್ಡೆ ಇದ್ದರೆ ‘ಈ ಡೊಮೈನ್‌ನ ಹೆಸರುಗಳು ಮಾತ್ರ ಈ ದಾರಿಯಲ್ಲಿ’ ಎಂದು ಅರ್ಥ. ಉಳಿದ ಹೆಸರುಗಳು ಆ ದಾರಿಗೆ ಹೋಗದಂತೆ, ಅದೇ ಇಂಟರ್‌ಫೇಸ್‌ಗೆ ಡಿಫಾಲ್ಟ್-ರೂಟ್ ಅನ್ನು ‘ನೋ’ ಮಾಡುವುದನ್ನು ಮರೆಯಬೇಡಿ.

ಓಪನ್‌ವಿಪಿಎನ್‌ಗೆ ಉಬುಂಟುವಿನಲ್ಲಿ ಓಪನ್‌ವಿಪಿಎನ್-ಸಿಸ್ಟಮ್‌ಡಿ-ರಿಸಾಲ್ವ್‌ಡ್ ಎಂಬ ಪ್ಯಾಕೇಜ್ ಸಿಗುತ್ತದೆ. ಅದರ ಸ್ಕ್ರಿಪ್ಟ್‌ಗೆ ಡೊಮೈನ್-ರೂಟ್ ಎಂಬ ಡಿಎಚ್‌ಸಿಪಿ ಆಯ್ಕೆಯ ಮೂಲಕ ರಫ್ತುದಾರರ ಡೊಮೈನ್ ಒಂದನ್ನೇ ಒಪ್ಪಿಸಬಹುದು. ಅವರ ಸರ್ವರ್ ಕಳುಹಿಸುವ ಬೇಡದ ಆದೇಶಗಳನ್ನು ಪುಲ್-ಫಿಲ್ಟರ್ ಸಾಲಿನಿಂದ ತಡೆಯಬಹುದು. ವಿಶೇಷವಾಗಿ ರಿಡೈರೆಕ್ಟ್-ಗೇಟ್‌ವೇ (ಎಲ್ಲ ಸಂಚಾರವನ್ನೂ ವಿಪಿಎನ್‌ಗೆ ತಿರುಗಿಸುವ ಆದೇಶ) ಬರುತ್ತಿದೆಯೇ ಎಂದು ನೋಡಿ. ಬರುತ್ತಿದ್ದರೆ ಕ್ಲೌಡ್‌ನ ಡಿಎನ್‌ಎಸ್‌ಗೆ ಹೋಗಬೇಕಾದ ಪ್ಯಾಕೆಟ್ ಕೂಡ ಮಂಗಳೂರಿಗೆ ಹೊರಟು ಅಲ್ಲಿ ಕಳೆದುಹೋಗಬಹುದು. ‘ಐಪಿ ರೂಟ್ ಗೆಟ್’ ಆದೇಶದ ಮುಂದೆ ಕ್ಲೌಡ್ ಡಿಎನ್‌ಎಸ್‌ನ ವಿಳಾಸ ಕೊಟ್ಟರೆ ಅದು ಯಾವ ಇಂಟರ್‌ಫೇಸ್‌ನಿಂದ ಹೊರಡುತ್ತದೆಂದು ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಎರಡೂ ವಿಪಿಎನ್ ಚಾಲೂ ಇರುವಾಗ ಇದನ್ನು ನೋಡಬೇಕು.

ಉತ್ತರ: ಕೊಡೆಹಿಡಿದವ, ಸೋಮವಾರಪೇಟೆ

ಬೆಟ್ಟದಸರ್ವರ್ ಅವರು ಒಳಗಿನ ಹೆಸರುಗಳ ವಿಷಯವನ್ನು ಬಿಡಿಸಿ ಹೇಳಿದ್ದಾರೆ. ಎಂಡ್‌ಪಾಯಿಂಟ್ ಬಗ್ಗೆ ನಾನು ಸ್ವಲ್ಪ ಬೇರೆ ರೀತಿಯ ಸಲಹೆ ಕೊಡುತ್ತೇನೆ. ಆ ಹೆಸರುಗಳನ್ನು ನಂಬಿಕೆಗೆ ಅರ್ಹವಾಗಿ ಹುಡುಕುವುದು ಹೇಗೆ ಎಂದು ಯೋಚಿಸುವ ಮೊದಲು, ವಿಎಂಗೆ ಅವು ಬೇಕೇ ಎಂದು ಕೇಳಿಕೊಳ್ಳಿ.

ವೈರ್‌ಗಾರ್ಡ್ ಎಂಡ್‌ಪಾಯಿಂಟ್‌ನ ಹೆಸರನ್ನು ಫೈಲ್ ಓದುವ ಹೊತ್ತಿನಲ್ಲಿ ಒಮ್ಮೆ ಮಾತ್ರ ಐಪಿಗೆ ಬದಲಿಸಿಕೊಳ್ಳುತ್ತದೆ. ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ತಿಳಿದಿರುವುದು ಐಪಿ ಮಾತ್ರ, ಹೆಸರು ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ ಡಿಪೋದ ಐಪಿ ಬದಲಾದರೆ ಡೈನಮಿಕ್ ಡಿಎನ್‌ಎಸ್ ಎಷ್ಟೇ ಬೇಗ ಹೊಸ ವಿಳಾಸ ಪಡೆದರೂ ವಿಎಂಗೆ ಸುದ್ದಿ ಮುಟ್ಟುವುದಿಲ್ಲ. ನಿಮ್ಮ ಮಳೆಗಾಲದ ಸಮಸ್ಯೆಗೆ ಪೂರ್ತಿ ಕಾರಣ ಇದೇ, ಇದರಲ್ಲಿ ಡಿಎನ್‌ಎಸ್‌ನ ತಪ್ಪೇನೂ ಇಲ್ಲ.

ಆದರೆ ವೈರ್‌ಗಾರ್ಡ್‌ಗೆ ಇನ್ನೊಂದು ಗುಣ ಇದೆ. ಸರಿಯಾದ ಕೀಲಿಯಿಂದ ದೃಢಪಟ್ಟ ಪ್ಯಾಕೆಟ್ ಯಾವ ಹೊಸ ವಿಳಾಸದಿಂದ ಬಂದರೂ, ಆ ವಿಳಾಸವನ್ನೇ ಮುಂದಿನ ಎಂಡ್‌ಪಾಯಿಂಟ್ ಎಂದು ಅದು ಸ್ವೀಕರಿಸುತ್ತದೆ. ಆದ್ದರಿಂದ ದಿಕ್ಕನ್ನು ತಿರುಗಿಸಿ. ವಿಎಂಗೆ ಒಂದು ಸ್ಥಿರ ಸಾರ್ವಜನಿಕ ಐಪಿ ಕಾದಿರಿಸಿಕೊಳ್ಳಿ. ಕಾದಿರಿಸದ ಐಪಿಯು ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದಾಗ ಬದಲಾಗಬಹುದು. ಡಿಪೋ ರೂಟರ್‌ಗಳಲ್ಲಿ ಆ ಐಪಿಯನ್ನೇ ಎಂಡ್‌ಪಾಯಿಂಟ್ ಆಗಿ ಬರೆದು, ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸಂಪರ್ಕ ಜೀವಂತವಾಗಿಡಲು ಆಗಾಗ ಕಳುಹಿಸುವ ಪ್ಯಾಕೆಟ್) ಅನ್ನು 25 ಸೆಕೆಂಡ್‌ಗೆ ಇಡಿ. ವಿಎಂನ ಫೈಲ್‌ನಲ್ಲಿ ಎಂಡ್‌ಪಾಯಿಂಟ್ ಸಾಲೇ ಬೇಡ. ಕರೆಂಟ್ ಬಂದು ರೂಟರ್ ಎದ್ದ ಕೂಡಲೇ ಡಿಪೋದಿಂದಲೇ ಹ್ಯಾಂಡ್‌ಶೇಕ್ (ಸಂಪರ್ಕ ಆರಂಭಿಸುವ ಪರಸ್ಪರ ಗುರುತಿನ ಸಂದೇಶ) ಹೊರಡುತ್ತದೆ, ವಿಎಂ ಹೊಸ ವಿಳಾಸವನ್ನು ತಾನೇ ಕಲಿಯುತ್ತದೆ. ಫೈಬರ್ ಮೇಲೆ ಮರ ಬಿದ್ದ ದಿನ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿದರೂ ಇದು ನಡೆಯುತ್ತದೆ. ನಮ್ಮ ಕಡೆಯ ಅನೇಕ ಸಂಪರ್ಕಗಳಲ್ಲಿ ರೂಟರ್‌ಗೆ 100.64ರಿಂದ 100.127ರವರೆಗಿನ ವಿಳಾಸ ಬಂದಿರುತ್ತದೆ. ಅಂದರೆ ಸೇವಾದಾರರು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿಯ ಹಿಂದೆ ಇರಿಸಿದ್ದಾರೆ. ಅಂಥ ಕಡೆಗೆ ಹೊರಗಿನಿಂದ ಟನಲ್ ಕಟ್ಟಲು ಯಾವ ಡೈನಮಿಕ್ ಡಿಎನ್‌ಎಸ್‌ನಿಂದಲೂ ಆಗುವುದಿಲ್ಲ, ಒಳಗಿನಿಂದ ಕಟ್ಟುವುದೊಂದೇ ದಾರಿ.

ಯಾವುದೋ ಕಾರಣದಿಂದ ಹೆಸರು ಬೇಕೇ ಬೇಕು ಎಂದಾದರೆ, ವೈರ್‌ಗಾರ್ಡ್-ಟೂಲ್ಸ್ ಮೂಲದಲ್ಲಿ ರಿರಿಸಾಲ್ವ್-ಡಿಎನ್‌ಎಸ್ ಎಂಬ ಚಿಕ್ಕ ಸ್ಕ್ರಿಪ್ಟ್ ಇದೆ. ಕೊನೆಯ ಹ್ಯಾಂಡ್‌ಶೇಕ್ ಆಗಿ 135 ಸೆಕೆಂಡ್ ಮೀರಿದ್ದರೆ ಅದು ಹೆಸರನ್ನು ಮತ್ತೆ ಹುಡುಕಿ ಹೊಸ ಐಪಿಯನ್ನು ಕರ್ನಲ್‌ಗೆ ಒಪ್ಪಿಸುತ್ತದೆ. ಅದನ್ನು ಸಿಸ್ಟಮ್‌ಡಿ ಟೈಮರ್‌ನಿಂದ ಅರ್ಧ ನಿಮಿಷಕ್ಕೊಮ್ಮೆ ಓಡಿಸಬಹುದು.

ರೀಬೂಟ್ ವಿಷಯ. ನೀವು ಕ್ರಾನ್ ಅಥವಾ ಆರ್‌ಸಿ ಲೋಕಲ್‌ನಿಂದ ಡಬ್ಲ್ಯುಜಿ-ಕ್ವಿಕ್ ಎಬ್ಬಿಸುತ್ತಿದ್ದರೆ ನಿಲ್ಲಿಸಿ, ಅದರ ಸ್ವಂತ ಸಿಸ್ಟಮ್‌ಡಿ ಸೇವೆಯನ್ನು ಬಳಸಿ. ಆ ಸೇವೆ ನೆಟ್‌ವರ್ಕ್-ಆನ್‌ಲೈನ್ ಮತ್ತು ಎನ್‌ಎಸ್‌ಎಸ್-ಲುಕಪ್ ಎಂಬ ಎರಡು ಹಂತಗಳ ನಂತರವೇ ಹೊರಡುತ್ತದೆ. ಹೆಸರು ತಾತ್ಕಾಲಿಕವಾಗಿ ಸಿಗದಿದ್ದರೆ ಮೂಲದಲ್ಲಿ 15 ಬಾರಿ ಮಾತ್ರ ನಡೆಯುವ ಮರುಪ್ರಯತ್ನವನ್ನು ಅದು ಅನಂತಕ್ಕೆ ಏರಿಸಿರುತ್ತದೆ. ಇದರಲ್ಲಿಯೂ ಒಂದು ಕೊಕ್ಕೆ ಇದೆ: ಫೈಲ್‌ನ ಎಲ್ಲ ಪಿಯರ್‌ಗಳನ್ನೂ (ಆಚೆ ತುದಿಯ ಯಂತ್ರಗಳನ್ನೂ) ಒಟ್ಟಿಗೆ ಕರ್ನಲ್‌ಗೆ ಕೊಡುವುದರಿಂದ, ವಿರಾಜಪೇಟೆಯ ಒಂದು ಹೆಸರು ಸಿಗದಿದ್ದರೆ ಗೋಣಿಕೊಪ್ಪ, ಸೋಮವಾರಪೇಟೆಗಳೂ ಅದಕ್ಕಾಗಿ ಕಾದು ಕೂರಬೇಕು. ವಿಎಂನ ಫೈಲ್‌ನಲ್ಲಿ ಹೆಸರೇ ಇರದಿರಲಿ ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಮಂಗಳೂರಿನ ಓಪನ್‌ವಿಪಿಎನ್ ಸರ್ವರ್ ನಿಮ್ಮ ಕೈಯಲ್ಲಿಲ್ಲವಾದ್ದರಿಂದ ಅಲ್ಲಿ ಹೆಸರು ಇರಲಿ, ಆದರೆ ರಿಸಾಲ್ವ್-ರೀಟ್ರೈ ಇನ್‌ಫಿನಿಟ್ ಎಂಬ ಸಾಲು ಇದೆಯೇ ನೋಡಿಕೊಳ್ಳಿ.

ಕಾವೇರಿತೀರ, ಕುಶಾಲನಗರ

ಇಬ್ಬರಿಗೂ ಅನಂತ ಧನ್ಯವಾದಗಳು. ಹೇಳಿದಂತೆ ಸಿಮ್‌ಲಿಂಕ್ ಮರಳಿ ಹಾಕಿ, ಎರಡೂ ಟನಲ್‌ಗಳಿಗೆ ಅವುಗಳ ಡೊಮೈನ್ ಮಾತ್ರ ಕೊಟ್ಟು, ಡಿಪೋಗಳಿಂದಲೇ ಸಂಪರ್ಕ ಹೊರಡುವಂತೆ ಬದಲಿಸಿದ್ದೇನೆ. ಓಪನ್‌ವಿಪಿಎನ್ ಚಾಲೂ ಇದ್ದಾಗಲೂ ಡೇಟಾಬೇಸ್‌ನ ಹೆಸರು ಈಗ ಸಿಗುತ್ತದೆ. ಐದು ಸೆಕೆಂಡ್‌ನ ತಡೆಯೂ ಹೋಯಿತು. ರಿಡೈರೆಕ್ಟ್-ಗೇಟ್‌ವೇ ನಿಜಕ್ಕೂ ಬರುತ್ತಿತ್ತು, ಅದನ್ನು ತಡೆದಿದ್ದೇನೆ. ಸೋಮವಾರಪೇಟೆಯ ರೂಟರ್‌ನ ವೈರ್ ಕಿತ್ತು ಮೊಬೈಲ್‌ಗೆ ಹಾಕಿ ನೋಡಿದಾಗ ಟನಲ್ ತಾನಾಗಿ ಮರಳಿ ಬಂದಿತು.

ಉಳಿದಿರುವುದು ಎರಡು. ಕಚೇರಿಯ ಯಂತ್ರಗಳಿಗೆ ‘ತೂಕ.ಲೋಕಲ್’, ‘ಮುದ್ರಕ.ಲೋಕಲ್’ ಎಂದು ಹೆಸರಿಟ್ಟಿದ್ದಾರೆ. ವಿಎಂನಲ್ಲಿ ಡಿಗ್ ಆದೇಶಕ್ಕೆ ಇವು ಉತ್ತರ ಕೊಡುತ್ತವೆ, ಬಿಲ್ಲಿಂಗ್ ತಂತ್ರಾಂಶಕ್ಕೆ ಒಮ್ಮೊಮ್ಮೆ ಸಿಗುವುದಿಲ್ಲ. ಡಿಪೋದ ಕಂಪ್ಯೂಟರ್‌ಗಳಲ್ಲಿಯೂ ಹೀಗೆಯೇ. ಎರಡನೆಯದು, ಡಿಪೋದ ಕಂಪ್ಯೂಟರ್‌ಗಳೂ ಕ್ಲೌಡ್‌ನ ಖಾಸಗಿ ಹೆಸರುಗಳನ್ನು ಬಳಸುವಂತಾಗಬೇಕು. ಕ್ಲೌಡ್‌ನ ಡಿಎನ್‌ಎಸ್ ವಿಳಾಸವನ್ನು ಅವುಗಳಿಗೆ ನೇರವಾಗಿ ಕೊಟ್ಟರೆ ಉತ್ತರ ಬರುತ್ತಿಲ್ಲ.

ಉತ್ತರ: ಬೆಟ್ಟದಸರ್ವರ್, ಮಡಿಕೇರಿ

ಡಿಗ್ ಅನ್ನು ನಂಬಬೇಡಿ. ಅದು ನೇರವಾಗಿ ಡಿಎನ್‌ಎಸ್ ಸರ್ವರ್ ಅನ್ನು ಕೇಳುತ್ತದೆ. ತಂತ್ರಾಂಶಗಳು ಎನ್‌ಎಸ್‌ಎಸ್ ಎಂಬ ದಾರಿಯಲ್ಲಿ ಹೋಗುತ್ತವೆ, ಹೋಸ್ಟ್ಸ್ ಫೈಲ್, ಎಂಡಿಎನ್‌ಎಸ್, ಡಿಎನ್‌ಎಸ್ ಎಲ್ಲವೂ ಆ ದಾರಿಯಲ್ಲಿ ಸಾಲಾಗಿ ನಿಂತಿರುತ್ತವೆ. ತಂತ್ರಾಂಶದ ಕಣ್ಣಿನಿಂದ ನೋಡಲು ‘ಗೆಟ್‌ಎಂಟ್ ಎಹೋಸ್ಟ್ಸ್’ ಬಳಸಿ. ‘ರಿಸಾಲ್ವ್‌ಸಿಟಿಎಲ್ ಕ್ವೆರಿ’ ಬಳಸಿದರೆ ಉತ್ತರ ಯಾವ ಇಂಟರ್‌ಫೇಸ್‌ನಿಂದ ಬಂತೆಂದೂ ತೋರಿಸುತ್ತದೆ.

ನಿಮ್ಮ ‘ಲೋಕಲ್’ ಹೆಸರುಗಳ ಕಷ್ಟಕ್ಕೆ ಮೂಲ ಹೆಸರಿನಲ್ಲಿಯೇ ಇದೆ. 2013ರ ಆರ್‌ಎಫ್‌ಸಿ 6762ರ ಪ್ರಕಾರ ಆ ಕೊನೆಯ ಪದವು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ (ಎಂಡಿಎನ್‌ಎಸ್, ಅಂದರೆ ಸರ್ವರ್ ಇಲ್ಲದೆ ಒಂದೇ ಜಾಲದ ಯಂತ್ರಗಳು ತಮ್ಮೊಳಗೆ ಹೆಸರು ಕೇಳಿಕೊಳ್ಳುವ ಪದ್ಧತಿಗೆ) ಮೀಸಲು. ಆ ಪದ್ಧತಿಯ ತಂತ್ರಾಂಶವಾದ ಅವಾಹಿ ಅಳವಡಿಸಿದ ಯಂತ್ರದಲ್ಲಿ ‘ತೂಕ.ಲೋಕಲ್’ ಎಂಬಂಥ ಹೆಸರನ್ನು ಮೊದಲು ಪಕ್ಕದ ಯಂತ್ರಗಳ ನಡುವೆ ಕೂಗಿ ಕೇಳಲಾಗುತ್ತದೆ, ಯಾರೂ ಓಗೊಡದಿದ್ದರೆ ಅಲ್ಲಿಗೇ ಕೈಬಿಡಲಾಗುತ್ತದೆ, 10.20.0.2ರವರೆಗೆ ಪ್ರಶ್ನೆ ಹೋಗುವುದೇ ಇಲ್ಲ. ಇದನ್ನು ಪ್ರತಿಯೊಂದು ಯಂತ್ರದಲ್ಲಿಯೂ ತಿದ್ದುತ್ತ ಕೂರುವುದು ವ್ಯರ್ಥ ಶ್ರಮ. ಖಾಸಗಿ ಬಳಕೆಗೆಂದೇ ಐಕ್ಯಾನ್ (ಅಂತರ್ಜಾಲದ ಹೆಸರುಗಳನ್ನು ನಿರ್ವಹಿಸುವ ಸಂಸ್ಥೆ) 2024ರಲ್ಲಿ ‘ಇಂಟರ್ನಲ್’ ಎಂಬ ಕೊನೆಯ ಪದವನ್ನು ಮೀಸಲಿಟ್ಟಿದೆ. ನಿಮ್ಮದೇ ಸ್ವಂತ ಡೊಮೈನ್ ಇದ್ದರೆ ಅದರ ಕೆಳಗೆ ಒಂದು ಉಪಹೆಸರು ಇನ್ನೂ ಒಳ್ಳೆಯದು.

ಡಿಪೋಗಳಿಗೆ ಉತ್ತರಿಸಲು ವಿಎಂ ಮೇಲೆಯೇ ಅನ್‌ಬೌಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಇರಿಸಿ. ಕ್ಲೌಡ್‌ನ ಡಿಎನ್‌ಎಸ್ ತನ್ನ ಖಾಸಗಿ ಜಾಲದ ಒಳಗಿನವರಿಗಾಗಿ ಇರುವುದರಿಂದ ವಿಪಿಎನ್‌ನ ಆಚೆಯ ವಿಳಾಸಗಳಿಗೆ ಅದು ಉತ್ತರಿಸದಿರುವುದು ಸಹಜ. ಅನ್‌ಬೌಂಡ್ ಆ ಪ್ರಶ್ನೆಗಳನ್ನು ವಿಎಂನ ಪರವಾಗಿ ಕೇಳಿ ತಿಳಿಸುತ್ತದೆ. ಅದು ವೈರ್‌ಗಾರ್ಡ್‌ನ ವಿಳಾಸದ ಮೇಲೆ ಮಾತ್ರ ಕಿವಿಗೊಡಬೇಕು ಮತ್ತು ಆಕ್ಸೆಸ್-ಕಂಟ್ರೋಲ್‌ನಲ್ಲಿ ನಿಮ್ಮ ಟನಲ್‌ನ ಹಾಗೂ ಡಿಪೋಗಳ ವಿಳಾಸಗಳಿಗೆ ಮಾತ್ರ ಅನುಮತಿ ಇರಬೇಕು. ಸಾರ್ವಜನಿಕ ಐಪಿಯಲ್ಲಿ ತೆರೆದಿಟ್ಟ ಡಿಎನ್‌ಎಸ್ ಅನ್ನು ಇತರರ ಮೇಲಿನ ದಾಳಿಗೆ ಬಳಸಿಕೊಳ್ಳುತ್ತಾರೆ. ವೈರ್‌ಗಾರ್ಡ್ ಏಳುವ ಮೊದಲೇ ಅನ್‌ಬೌಂಡ್ ಎದ್ದರೆ ಆ ವಿಳಾಸ ಇನ್ನೂ ಇರುವುದಿಲ್ಲವಾದ್ದರಿಂದ ಐಪಿ-ಫ್ರೀಬೈಂಡ್ ಅನ್ನು ‘ಯೆಸ್’ ಮಾಡಿ. ಹೊಸ ‘ಇಂಟರ್ನಲ್’ ವಲಯವನ್ನು ಡೊಮೈನ್-ಇನ್‌ಸೆಕ್ಯೂರ್ ಎಂದು ಘೋಷಿಸುವುದು ಅಗತ್ಯ. ಇಲ್ಲದಿದ್ದರೆ ಅಂಥ ಹೆಸರು ಡಿಎನ್‌ಎಸ್‌ನ ಮೂಲ (ರೂಟ್) ವಲಯದಲ್ಲಿ ಇಲ್ಲವೆಂದು ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳ ಸಾಚಾತನ ತೋರುವ ವ್ಯವಸ್ಥೆ) ಸಹಿ ಸಮೇತ ಸಾಬೀತಾಗಿ, ಅನ್‌ಬೌಂಡ್ ನಿಮ್ಮದೇ ಸರ್ವರ್‌ನ ಉತ್ತರವನ್ನು ತಳ್ಳಿಹಾಕುತ್ತದೆ. ಸರ್ವ್-ಎಕ್ಸ್‌ಪೈರ್ಡ್ ಆಯ್ಕೆಯನ್ನೂ ಹಾಕಿಕೊಳ್ಳಿ. ಕಚೇರಿಯ ಸಂಪರ್ಕ ಸ್ವಲ್ಪ ಹೊತ್ತು ಹೋದರೂ ಅವಧಿ ಮುಗಿದ ಹಳೆಯ ಉತ್ತರದಿಂದ ಅದು ಕೆಲಸ ಸಾಗಿಸುತ್ತದೆ.

ಅಮೆಜಾನ್‌ನಲ್ಲಿ ಒಂದು ನೆಟ್‌ವರ್ಕ್ ಇಂಟರ್‌ಫೇಸ್‌ನಿಂದ ಸೆಕೆಂಡ್‌ಗೆ 1,024 ಪ್ಯಾಕೆಟ್‌ಗಿಂತ ಹೆಚ್ಚು ಡಿಎನ್‌ಎಸ್ ಪ್ರಶ್ನೆ ಕಳುಹಿಸಲಾಗದು ಎಂಬ ಮಿತಿ ಇದೆ. ಮೂರು ಡಿಪೋಗಳಿಗೆ ಅದು ದೂರದ ಮಾತು, ಅನ್‌ಬೌಂಡ್‌ನ ಕ್ಯಾಶ್ ಇದ್ದರಂತೂ ಚಿಂತೆಯೇ ಇಲ್ಲ.

ಉತ್ತರ: ಕೊಡೆಹಿಡಿದವ, ಸೋಮವಾರಪೇಟೆ

ಒಂದು ಸೇರ್ಪಡೆ. ಚಿಕ್ಕ ಉತ್ತರಗಳು ಬಂದು ದೊಡ್ಡವು ಬರದಿದ್ದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ನೋಡಿ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ, ಆದರೆ ಪಿಪಿಪಿಒಇ ಸಂಪರ್ಕ (ರೂಟರ್ ಬಳಕೆದಾರನ ಹೆಸರು, ಗುಪ್ತಪದ ಕೊಟ್ಟು ಸೇವಾದಾರರಿಗೆ ಸೇರುವ ಬಗೆ) ಇರುವ ಡಿಪೋದಲ್ಲಿ ಎಂಟು ಬೈಟ್ ಅದಕ್ಕೇ ಹೋಗುವುದರಿಂದ 1412ಕ್ಕೆ ಇಳಿಸುವುದು ಕ್ಷೇಮ. ಡಿಎನ್‌ಎಸ್ ಉತ್ತರದ ಯುಡಿಪಿ ಗಾತ್ರವನ್ನು 1232 ಬೈಟ್‌ಗೆ ಮಿತಿಗೊಳಿಸಿ, ಅದಕ್ಕಿಂತ ದೊಡ್ಡ ಉತ್ತರಗಳು ಟಿಸಿಪಿಯಲ್ಲಿ ಬರುವಂತೆ 53ನೆಯ ಪೋರ್ಟ್ ಅನ್ನು ಟನಲ್‌ನೊಳಗೆ ಯುಡಿಪಿ, ಟಿಸಿಪಿ ಎರಡಕ್ಕೂ ತೆರೆದಿಡಿ. ಫೈರ್‌ವಾಲ್‌ನಲ್ಲಿ ಯುಡಿಪಿಗೆ ಮಾತ್ರ ಅನುಮತಿ ಕೊಟ್ಟು ಸುಮ್ಮನಾಗುವವರು ಬಹಳ ಮಂದಿ.

ಹೆಸರು ಬದಲಿಸುವಾಗ ಹಳೆಯ ‘ಲೋಕಲ್’ ಹೆಸರುಗಳನ್ನು ಕಚೇರಿಯ ಸರ್ವರ್‌ನಿಂದ ಕೂಡಲೇ ಅಳಿಸಬೇಡಿ. ಎರಡೂ ಹೆಸರುಗಳು ಒಂದೇ ಐಪಿಯನ್ನು ತೋರಿಸುತ್ತಿರಲಿ, 10.20.0.2ರ ಲಾಗ್‌ನಲ್ಲಿ ಹಳೆಯ ಹೆಸರನ್ನು ಯಾವ ಯಂತ್ರ ಇನ್ನೂ ಕೇಳುತ್ತಿದೆ ಎಂದು ನೋಡುತ್ತ ಒಂದೊಂದಾಗಿ ಬದಲಿಸಿ. ಜಾವಾ ತಂತ್ರಾಂಶವು ಸಿಕ್ಕ ಉತ್ತರವನ್ನು ಸಾಮಾನ್ಯವಾಗಿ 30 ಸೆಕೆಂಡ್ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ, ತೆರೆದಿರುವ ಸಂಪರ್ಕಗಳನ್ನಂತೂ ಬಿಡುವುದೇ ಇಲ್ಲ. ಆದ್ದರಿಂದ ಬಿಲ್ಲಿಂಗ್ ಸೇವೆಯನ್ನು ಸಂಜೆ ಡಿಪೋಗಳ ತೂಕ ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿಕೊಳ್ಳಿ.